ಆಟಕ್ಕೆ ಮುಂಚಿನ ಮಾತು

"ಲೇ, ಆ ನಿನ್ನ ಮೊಬೈಲಿನ ಆಟ ತಗದು ಹಾಕು. ನನಗ ಬ್ಯಾಡ."

ದೇವದುರ್ಗದಿಂದ ಮಾವನ ಫೋನು. ಇಷ್ಟೇ ಮಾತು. ಹ್ಯಾಂಗಿದ್ದಿ, ಉಂಡೇನು, ರಾಯಚೂರಾಗ ಬಿಸಲು ಹ್ಯಾಂಗೈತಿ... ಯಾವುದೂ ಇಲ್ಲ. ಇಟ್ಟೇ ಬಿಟ್ರು.

ನಮ್ಮ ಮಾವ ನಿವೃತ್ತ ಮಾಸ್ತರು. ಎಪ್ಪತ್ತು ದಾಟಿದೆ. ಅತ್ತೆ ಹೋಗಿ ಎರಡು ವರ್ಷ ಆಯ್ತು. ಮಕ್ಕಳಿಬ್ಬರೂ ಬೆಂಗಳೂರು. ಮನೇಲಿ ಮಾವ, ಒಂದು ಟಿವಿ, ಒಂದು ಚದುರಂಗದ ಮಣೆ. ಆ ಮಣೆಗೆ ಎದುರು ಕೂತುಕೊಳ್ಳುತ್ತಿದ್ದವರು ಅವರ ಹಳೇ ಗೆಳೆಯ, ಅವರೂ ಮಾಸ್ತರೇ. ಇಬ್ಬರೂ ಒಂದೇ ಶಾಲೆಯಲ್ಲಿ ಹನ್ನೊಂದು ವರ್ಷ ಇದ್ದವರು. ಗೆಳೆಯರು ಈಗ ಮಾನ್ವಿಯಲ್ಲಿ ಮಗನ ಮನೇಲಿ ಇದ್ದಾರೆ. ಮೊದಲು ತಿಂಗಳಿಗೊಮ್ಮೆ ಬಸ್ ಹತ್ತಿ ಬರುತ್ತಿದ್ದರು. ಈಗ ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತಲು ಒಪ್ಪುತ್ತಿಲ್ಲ.

ರಾಯಚೂರಲ್ಲಿ ಕೂತು ಕಂಪ್ಯೂಟರ್ ಕೆಲಸ ಮಾಡುವ ನಾನು ಬುದ್ಧಿವಂತ ಅಂತ ನಮ್ಮ ಮನೆಯಲ್ಲಿ ಒಂದು ತಪ್ಪು ತಿಳುವಳಿಕೆ ಇದೆ :-) ಹಾಗಾಗಿ ಇಬ್ಬರ ಫೋನಿಗೂ ಚದುರಂಗದ ಒಂದು ಆ್ಯಪ್ ಹಾಕಿಕೊಟ್ಟೆ. ಆ್ಯಪಿನ ಹೆಸರು ಬೇಡ, ತಪ್ಪಿನಲ್ಲಿ ದೊಡ್ಡ ಪಾಲು ನನ್ನದೇ. "ಸಂಜಿ ಆರಕ್ಕ ಇಬ್ಬರೂ ತಗೀರಿ, ಮ್ಯಾಲ ದೊಡ್ಡ ಗುಂಡಿ ಐತಲ್ಲ, ಅದನ್ನ ಒತ್ತರಿ, ಆಟ ಶುರು" ಅಂದಿದ್ದೆ. ಅಷ್ಟೇ ನಾನು ಕೊಟ್ಟ ತರಬೇತಿ.

ಆಮೇಲೆ ಈ ಫೋನು. ಕೇಳಿದರೆ ಕಾರಣ ಹೇಳಲಿಲ್ಲ. ಮಾನ್ವಿಯ ಗೆಳೆಯರಿಗೆ ಫೋನ್ ಮಾಡಿದರೆ "ಯಾಕೋ ಏನೋ ತಮ್ಮಾ, ನಿಮ್ಮ ಮಾವ ನನ್ನ ಫೋನ ಎತ್ತವಲ್ಲ" ಅಂದರು. ನಲವತ್ತು ವರ್ಷದ ಸ್ನೇಹ. ಮೂರು ವಾರ ಮಾತಿಲ್ಲ!

ಒಂದು ಭಾನುವಾರ ಗಬ್ಬೂರು ದಾರಿಯ ಬಸ್ ಹತ್ತಿ ದೇವದುರ್ಗಕ್ಕೆ ಹೋದೆ. ಮಾವ ಚಹಾ ಕೊಟ್ಟರು, ಮಿರ್ಚಿ ತರಿಸಿದರು, ಮಾತು ಮಾತ್ರ ಆ ಕಡೆ ಹೋಗಲಿಲ್ಲ. ಕೊನೆಗೆ ನಾನೇ ಫೋನ್ ಇಸಿದುಕೊಂಡು ಆ್ಯಪ್ ತೆಗೆದೆ. ಒಂದೇ ಆಟ ಆಡಿದ್ದರು. ಸೋತಿದ್ದರು. ಕಾಯಿ ಕಳೆದುಕೊಂಡು ಅಲ್ಲ, ಸಮಯ ಮುಗಿದು. ಒಂದು ನಿಮಿಷದ ಆಟ! ಹೆಸರಿನ ಪಕ್ಕ ಕೆಂಪು ಅಕ್ಷರದಲ್ಲಿ ಮೈನಸ್ ಅಂಕ.

"ಅಂವಾ ಹಿಂಗ ಮಾಡಬಾರದಿತ್ತು" ಅಂದರು ಮಾವ. "ನಾ ಕನ್ನಡಕ ಹಾಕ್ಕೊಳ್ಳೋದ್ರಾಗ ಟಕಟಕ ನಡಿಸಿ, ಒಂದ ಮಾತಾಡದ ಸೋಲಿಸಿಬಿಟ್ಟ. ಮ್ಯಾಲ ಇದು ಬ್ಯಾರೆ, ಕೇಳು..."

ವಾಟ್ಸಾಪಿನಲ್ಲಿ ಗೆಳೆಯರ ಧ್ವನಿ ಸಂದೇಶ. ನಗುತ್ತಾ ಹೇಳಿದ್ದಾರೆ: "ಯಾಕೋ ಮಾಸ್ತರ, ಇಷ್ಟ ಜಲ್ದಿ ಕೈ ಚೆಲ್ಲಿದಿ?"

ನನಗೆ ಏನೋ ಅನುಮಾನ. ಎದುರಾಳಿಯ ಹೆಸರು ನೋಡಿದೆ. ಅದು ಯಾವುದೋ ಅಡ್ಡಹೆಸರು, ಪಕ್ಕದಲ್ಲಿ ಬೇರೆ ದೇಶದ ಧ್ವಜ. ಮಾನ್ವಿಗೆ ಫೋನ್ ಮಾಡಿ ಅವರ ಮೊಮ್ಮಗಳ ಕೈಲಿ ಆ್ಯಪ್ ತೆಗೆಸಿದೆ. ಅವರೂ ಒಂದೇ ಆಟ ಆಡಿದ್ದರು. ಅವರ ಎದುರಾಳಿ ಇನ್ಯಾವುದೋ ದೇಶದವನು, ನಾಲ್ಕು ನಡೆ ಆಡಿ ಬಿಟ್ಟು ಹೋಗಿದ್ದ. ಅವರು ಗೆದ್ದಿದ್ದರು, ಮಾಸ್ತರನ್ನೇ ಗೆದ್ದೆ ಅಂದುಕೊಂಡಿದ್ದರು!

ಅಂದರೆ ಇಬ್ಬರೂ ಒಬ್ಬರ ಜೊತೆ ಒಬ್ಬರು ಆಡಿಯೇ ಇರಲಿಲ್ಲ. ದೊಡ್ಡ ಗುಂಡಿ ಒತ್ತಿದರೆ ಯಾರೋ ಅಪರಿಚಿತರ ಜೊತೆ, ಒಂದು ನಿಮಿಷದ, ಅಂಕ ಕಡಿಯುವ ಆಟ ಶುರುವಾಗುತ್ತೆ ಅಂತ ಇಬ್ಬರಿಗೂ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವನು ನಾನು.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎದ್ದು ಒಳಗೆ ಹೋಗಿ ಗೆಳೆಯರಿಗೆ ಫೋನ್ ಹಚ್ಚಿದರು. ಏನು ಮಾತಾಡಿದರೋ ಗೊತ್ತಿಲ್ಲ. ನಗುವ ಸದ್ದು ಮಾತ್ರ ಹೊರಗೆ ಕೇಳಿಸಿತು.

* * *

ಅವತ್ತು ಮಧ್ಯಾಹ್ನ ಕೇಳಿದೆ, "ಮಾವ, ನೀವು ಮೊದಲ ಹ್ಯಾಂಗ ಆಟ ಶುರು ಮಾಡತಿದ್ರಿ?"

"ಮೊದಲ ಮಾತಾಡತಿದ್ವಿ."

ಏನು ಮಾತು? ಪ್ಯಾದೆ ಮೊದಲ ಸಲ ಒಂದು ಮನೆಯೋ ಎರಡು ಮನೆಯೋ? ರಾಜನಿಗೆ ಒಂದು ಸಲ ಕುದುರೆ ಜಿಗಿತ ಉಂಟೋ ಇಲ್ಲವೋ? ಪ್ಯಾದೆ ಕೊನೆಯ ಮನೆ ಮುಟ್ಟಿದರೆ ವಜೀರನೇ ಆಗುತ್ತೋ, ಅಥವಾ ಆ ಮನೆ ಯಾರದೋ ಅದೇ ಕಾಯಿ ಆಗುತ್ತೋ? ಮುಟ್ಟಿದ ಕಾಯಿ ನಡೆಸಲೇಬೇಕೋ? ನಡೆ ವಾಪಸ್ ಇದೆಯೋ? ಸೋತವನು ಚಹಾ ಕೊಡಿಸಬೇಕೋ? (ಕೊನೆಯದು ಯಾವಾಗಲೂ ಹೌದು.) ನಮ್ಮ ಕಡೆ ಮಂತ್ರಿಗೆ ವಜೀರ ಅನ್ನೋ ಹಿರಿಯರು ಇನ್ನೂ ಇದ್ದಾರೆ. ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತಲ್ಲ, ಮಣೆಯ ಮೇಲೂ ಅದರ ಗುರುತು ಉಳಿದಿದೆ.

ಈ ರಾಜನ ಜಿಗಿತ, ಒಂದೇ ಮನೆ ನಡೆಯುವ ಪ್ಯಾದೆ, ಇವು ಮಾವ ಹುಟ್ಟಿಸಿದ್ದಲ್ಲ. ಹಳೇ ಭಾರತೀಯ ಚದುರಂಗದ ನಿಯಮಗಳು. ಅದರಲ್ಲಿ ಈಗಿನ ಕ್ಯಾಸ್ಲಿಂಗ್ ಇರಲಿಲ್ಲ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಕಲಿತಿದ್ದು ಮೊದಲು ಭಾರತೀಯ ಪದ್ಧತಿಯೇ. ಅಂತರರಾಷ್ಟ್ರೀಯ ನಿಯಮಗಳನ್ನು ಆಮೇಲೆ ಕಲಿತು 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. 2024ರಲ್ಲಿ ಫಿಡೆ ಅವರಿಗೆ ಮರಣೋತ್ತರವಾಗಿ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟಿತು. ಅಂಥವರೂ "ಇಲ್ಲಿ ಯಾವ ನಿಯಮ?" ಅಂತ ಕೇಳಿಯೇ ಶುರು ಮಾಡಬೇಕಾಗಿತ್ತು ಅನ್ನೋದು ಮಾವನಿಗೆ ಬಹಳ ಹಿಡಿಸಿತು.

ಚೌಕಾಬಾರದಲ್ಲೂ ಇದೇ ಅಲ್ಲವೇ? ಐದಕ್ಕೆ ಐದು ಮನೆ, ನಾಲ್ಕು ಕವಡೆ. ನಾಲ್ಕೂ ಮೇಲ್ಮುಖ ಬಿದ್ದರೆ ಚೌಕ ಅಂದರೆ ನಾಲ್ಕು, ನಾಲ್ಕೂ ಕೆಳಮುಖ ಬಿದ್ದರೆ ಬಾರ ಅಂದರೆ ಎಂಟು. ಇಷ್ಟು ಎಲ್ಲರಿಗೂ ಒಂದೇ. ಆದರೆ ನಮ್ಮ ಅಜ್ಜಿ ಮಣೆ ಬರೆಯುವ ಮೊದಲೇ ಕೇಳುತ್ತಿದ್ದಳು: ಒಂದಾದರೂ ಕಾಯಿ ಕಡಿಯದೇ ಒಳಮನೆಗೆ ಹೋಗಬಹುದೋ ಇಲ್ಲವೋ? ಜೋಡಿ ಕಾಯನ್ನು ಒಂಟಿ ಕಾಯಿ ಕಡಿಯಬಹುದೋ? ಕೇಳದೇ ಶುರು ಮಾಡಿದರೆ ಅರ್ಧ ಆಟಕ್ಕೆ ಜಗಳ ಗ್ಯಾರಂಟಿ. ಮೊಬೈಲಿನಲ್ಲಿ ಆ ಜಗಳ ಆಡೋಕೂ ಎದುರಿಗೆ ಯಾರೂ ಇರಲ್ಲ. ಮನಸ್ಸಿನಲ್ಲೇ ಇಟ್ಟುಕೊಂಡು ಮೂರು ವಾರ ಫೋನ್ ಎತ್ತದೇ ಇರಬೇಕು, ಅಷ್ಟೇ.

ಆಟ ಶುರುವಾಗುವ ಮೊದಲು ಬರುವ ಆ ಪರದೆ ನಮಗೆಲ್ಲ ಒಂದು ಅಡ್ಡಿ. ಬೇಗ ದಾಟಿ ಹೋಗುವ ಬಾಗಿಲು. ಅದು ಕಟ್ಟೆಯ ಮೇಲೆ ನಡೆಯುತ್ತಿದ್ದ ಮಾತೇ ಅಂತ ನನಗೆ ಅವತ್ತು ಹೊಳೆಯಿತು. ಆದರೆ ಮಾತಿನ ರೂಪದಲ್ಲಿ ಇಲ್ಲ. 'ರೇಟೆಡ್', 'ಕ್ಯಾಶುವಲ್', '3+2', 'ವೇರಿಯಂಟ್' ಅಂತ ಗುಂಡಿಗಳ ರೂಪದಲ್ಲಿದೆ. ಗೊತ್ತಿದ್ದವನಿಗೆ ಅದು ಒಂದು ಕ್ಷಣದ ಕೆಲಸ. ಗೊತ್ತಿಲ್ಲದವನು ದೊಡ್ಡ ಗುಂಡಿ ಯಾವುದೋ ಅದನ್ನೇ ಒತ್ತುತ್ತಾನೆ.

* * *

ಈ ಸಲ ಲಿಚೆಸ್ ಹಾಕೋಣ ಅಂದೆ. 2010ರಲ್ಲಿ ಫ್ರಾನ್ಸಿನ ತಿಬೋ ದ್ಯುಪ್ಲೆಸಿ ಶುರು ಮಾಡಿದ್ದು. ಪುಕ್ಕಟೆ, ಜಾಹೀರಾತಿಲ್ಲ, ಸ್ವಯಂಸೇವಕರು ಅನುವಾದಿಸಿದ ಕನ್ನಡವೂ ಭಾಷೆಗಳ ಪಟ್ಟಿಯಲ್ಲಿದೆ. ಗೆಳೆಯರನ್ನು ಕರೆಯುವ ಆಯ್ಕೆ ಒತ್ತಿದರೆ ಒಂದು ಕೊಂಡಿ ಸಿಗುತ್ತೆ, ಅದನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಆಯ್ತು. ತೆರೆದವರೇ ಎದುರಾಳಿ.

ಆದರೆ ಕನ್ನಡ ಲಿಪಿ ಇದ್ದ ಮಾತ್ರಕ್ಕೆ ಎಲ್ಲ ಅರ್ಥ ಆಗಲ್ಲ. 'ರೇಟೆಡ್' ಅಂತ ನಾನು ಓದಿ ಹೇಳಿದ ಕೂಡಲೇ ಮಾವ ಕೇಳಿದ್ದು: "ರೇಟೆಡ್ ಅಂದ್ರ? ರೇಟು ಎಷ್ಟಪಾ?"

ನಗಬೇಡಿ. ನಮ್ಮ ಊರುಗಳಲ್ಲಿ ಮೊಬೈಲ್ ಆಟ ಅಂದರೆ ದುಡ್ಡು ಹೋಗುವ ಆಟ ಅನ್ನೋ ಹೆದರಿಕೆ ಸುಮ್ಮನೆ ಬಂದಿದ್ದಲ್ಲ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ 2021ರಲ್ಲಿ ಕಾನೂನು ಮಾಡಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆಮೇಲೆ 2025ರ ಆಗಸ್ಟಿನಲ್ಲಿ ಸಂಸತ್ತೇ ಅಂಥ ಆಟಗಳನ್ನು ನಿಷೇಧಿಸುವ ಕಾಯ್ದೆ ಪಾಸು ಮಾಡಿತು. ಇಷ್ಟೆಲ್ಲ ಪೇಪರಿನಲ್ಲಿ ಓದಿರುವ ಮಾಸ್ತರರು 'ರೇಟು' ಅಂತ ಕೇಳಿದರೆ ತಪ್ಪೇನು? ಹೊಸಬರ ಮೊದಲ ಪ್ರಶ್ನೆ ಅದೇ, ಹಾಗಾಗಿ ಮೊದಲ ಉತ್ತರವೂ ಅದೇ ಇರಬೇಕು.

ಒಂದು ಹಾಳೆ ತೆಗೆದುಕೊಂಡು ಬರೆಯಲು ಕೂತೆ. ಗುಂಡಿಗಳ ಹೆಸರು ಬರೆಯಲಿಲ್ಲ. ಪ್ರಶ್ನೆ ಬರೆದೆ, ಒತ್ತಿದರೆ ಏನಾಗುತ್ತೆ ಅಂತ ಬರೆದೆ.

ಒಂದು, ದುಡ್ಡು ಹೋಗುತ್ತಾ? ಇಲ್ಲ. ಆಡೋಕೆ ದುಡ್ಡು ಎಲ್ಲೂ ಕೇಳಲ್ಲ. ಕೇಳಿದರೆ ನೀವು ಬೇರೆ ಕಡೆ ಬಂದಿದ್ದೀರಿ, ಮುಚ್ಚಿ.

ಎರಡು, ಯಾರ ಜೊತೆ? ಗೊತ್ತಿದ್ದವರ ಜೊತೆ ಆದರೆ ಗೆಳೆಯರನ್ನು ಕರೆಯುವ ಗುಂಡಿ. ದೊಡ್ಡ ಚೌಕಗಳಲ್ಲಿ ಬರೀ ಅಂಕಿ ಇರುವ ಗುಂಡಿ ಒತ್ತಿದರೆ ಜಗತ್ತಿನ ಯಾರಾದರೂ ಬರಬಹುದು.

ಮೂರು, ಎಷ್ಟು ಹೊತ್ತು?

ನಾಲ್ಕು, ಲೆಕ್ಕ ಇಡಬೇಕೋ ಸುಮ್ಮನೆ ಆಡೋದೋ? ರೇಟೆಡ್ ಅಂದರೆ ಸೋಲು ಗೆಲುವಿನ ಲೆಕ್ಕ ನಿಮ್ಮ ಹೆಸರಿನ ಮುಂದೆ ಕೂಡುತ್ತೆ, ಕಳೆಯುತ್ತೆ. ಕ್ಯಾಶುವಲ್ ಅಂದರೆ ಆಡಿ ಎದ್ದು ಹೋಗೋದು.

ಐದು, ಯಾವ ನಿಯಮ? 'ಸ್ಟ್ಯಾಂಡರ್ಡ್' ಬಿಟ್ಟು ಬೇರೆ ಯಾವುದೂ ಸದ್ಯಕ್ಕೆ ಬೇಡ.

ಆರು, ಬಿಳಿ ಯಾರದ್ದು?

ಹೊಸಬರಿಗೆ ಐದನೆಯದರಲ್ಲಿ ಎಷ್ಟು ಗುಂಡಿ ಇವೆ ಅಂತ ನೋಡಿದರೆ ತಲೆ ತಿರುಗುತ್ತೆ. ಚೆಸ್960 ಅಂತ ಒಂದಿದೆ, ಬಾಬಿ ಫಿಶರ್ 1996ರಲ್ಲಿ ಪ್ರಕಟಿಸಿದ್ದು, ಹಿಂದಿನ ಸಾಲಿನ ಕಾಯಿಗಳನ್ನು 960 ರೀತಿಯಲ್ಲಿ ಯಾವುದಾದರೂ ಒಂದರಂತೆ ಜೋಡಿಸುತ್ತಾರೆ. ಗೊತ್ತಿಲ್ಲದೆ ಅದನ್ನು ಒತ್ತಿದರೆ ಆನೆ ಒಂಟೆ ಎಲ್ಲ ಅದಲು ಬದಲು, ಫೋನ್ ಕೆಟ್ಟಿದೆ ಅಂದುಕೊಳ್ಳಬೇಕು. ಆ್ಯಂಟಿಚೆಸ್ ಅಂತ ಇನ್ನೊಂದು, ಅದರಲ್ಲಿ ತನ್ನ ಕಾಯಿಗಳನ್ನೆಲ್ಲ ಕಳೆದುಕೊಂಡವನೇ ಗೆದ್ದ. "ಅದು ಛಲೋ ಐತಿ, ನನ್ನ ಗೆಳೆಯಾಗ ಹೇಳಿ ಮಾಡಿಸಿದಂಗ ಐತಿ" ಅಂದರು ಮಾವ. ಸಿಟ್ಟು ಪೂರ್ತಿ ಇಳಿದಿತ್ತು ಅನ್ನಿ :-)

ಕಷ್ಟ ಆಗಿದ್ದು ಮೂರನೆಯದು. ಸಮಯ.

'15+10' ಅನ್ನೋದನ್ನ ನಾನು ಮೊದಲು ಬರೆದಿದ್ದು ಹೀಗೆ: "15 ನಿಮಿಷ ಮತ್ತು ಹೆಚ್ಚುವರಿ 10". ಹಾಳೆಯ ಫೋಟೋ ಮಾನ್ವಿಗೂ ಕಳಿಸಿದೆ. ಗೆಳೆಯರು ಉತ್ತರ ಕೊಟ್ಟರು, "ಒಟ್ಟು ಇಪ್ಪತ್ತೈದು ನಿಮಿಷ ಅಲ್ಲೇನು? ಸಾಕು ಬಿಡು." ಅವರು ಗಣಿತದ ಮಾಸ್ತರರು! ಅವರಿಗೇ ಹೀಗೆ ಅರ್ಥವಾದರೆ ತಪ್ಪು ನನ್ನ ಹಾಳೆಯದು. ಕೂಡುವ ಚಿಹ್ನೆ ಇದ್ದರೆ ಯಾರಾದರೂ ಕೂಡುತ್ತಾರೆ. ಆ 10 ಅನ್ನೋದು ಸೆಕೆಂಡು, ಅದೂ ಪ್ರತಿ ನಡೆಗೆ ಬರೋದು ಅಂತ ಆ ಚಿಹ್ನೆ ಎಲ್ಲೂ ಹೇಳಲ್ಲ.

ಈ ಲೆಕ್ಕವೂ ಫಿಶರ್ ಮಾಡಿದ್ದೇ. 1988ರಲ್ಲಿ ಇಂಥ ಗಡಿಯಾರಕ್ಕೆ ಪೇಟೆಂಟ್ ಅರ್ಜಿ ಹಾಕಿದ, 1992ರಲ್ಲಿ ಸ್ಪಾಸ್ಕಿ ಜೊತೆ ಮತ್ತೆ ಆಡಿದಾಗ ಅದನ್ನೇ ಬಳಸಿದರು. ಒಳ್ಳೆಯ ಯೋಚನೆ. ಗೆಲ್ಲುವ ಸ್ಥಿತಿಯಲ್ಲಿ ಇರುವವನು ಬರೀ ಕೈ ನಿಧಾನ ಅಂತ ಸೋಲಬಾರದು. ವಯಸ್ಸಾದವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ, ಆದರೆ ಅದು ಒಂದು ಅಂಕಿಯ ಹಿಂದೆ ಅಡಗಿ ಕೂತಿದೆ.

ಹಾಗಾಗಿ ತಿದ್ದಿದೆ: "ಇಬ್ಬರಿಗೂ ತಲಾ 15 ನಿಮಿಷ. ನೀವು ಒಂದು ನಡೆ ನಡೆಸಿದಾಗಲೆಲ್ಲ ನಿಮ್ಮ ಗಡಿಯಾರಕ್ಕೆ 10 ಸೆಕೆಂಡು ವಾಪಸ್ ಬರುತ್ತೆ. ನಲವತ್ತು ನಡೆಯ ಆಟ ಆದರೆ ಒಟ್ಟು ಮುಕ್ಕಾಲು ತಾಸಿನ ಒಳಗೆ ಮುಗಿಯುತ್ತೆ." ಲೆಕ್ಕ ನೋಡಿ: ನಲವತ್ತು ನಡೆಗೆ 400 ಸೆಕೆಂಡು, ಅಂದರೆ 6 ನಿಮಿಷ 40 ಸೆಕೆಂಡು. ತಲಾ ಹತ್ತಿರ ಹತ್ತಿರ 22 ನಿಮಿಷ, ಇಬ್ಬರದೂ ಸೇರಿ 43 ನಿಮಿಷ. ಲಿಚೆಸ್ ಕೂಡ ಒಳಗೊಳಗೆ ಇದೇ ನಲವತ್ತು ನಡೆ ಲೆಕ್ಕ ಹಿಡಿದೇ ಬುಲೆಟ್, ಬ್ಲಿಟ್ಜ್, ರ್‍ಯಾಪಿಡ್, ಕ್ಲಾಸಿಕಲ್ ಅಂತ ಹೆಸರು ಕೊಡುತ್ತೆ. ಆದರೆ ಆ ಹೆಸರುಗಳನ್ನು ನಾನು ಹಾಳೆಯಲ್ಲಿ ಬರೆಯಲೇ ಇಲ್ಲ. ಯಾಕೆಂದರೆ ಅವೂ ಎಲ್ಲ ಕಡೆ ಒಂದೇ ಅಲ್ಲ. ತಲಾ 10 ನಿಮಿಷದ ಆಟ ಅಲ್ಲಿ ರ್‍ಯಾಪಿಡ್, ಫಿಡೆ ನಿಯಮದಲ್ಲಿ 10 ನಿಮಿಷದವರೆಗೆ ಬ್ಲಿಟ್ಜ್. ಮುಕ್ಕಾಲು ತಾಸು ಅಂದರೆ ದೇವದುರ್ಗದಲ್ಲೂ ಅಷ್ಟೇ, ಮಾನ್ವಿಯಲ್ಲೂ ಅಷ್ಟೇ.

ನಾಲ್ಕನೆಯದರಲ್ಲೂ ಒಂದು ಸಾಲು ಸೇರಿಸಿದೆ. ಹೊಸದಾಗಿ ಖಾತೆ ತೆರೆದವರಿಗೆ ಅಲ್ಲಿ 1500ರಿಂದ ಶುರು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುತ್ತೆ. ಅದು ನಿಮ್ಮ ಬೆಲೆ ಅಲ್ಲ, ನಿಮ್ಮ ಆಟ ಎಷ್ಟು ಅಂತ ಇನ್ನೂ ಗೊತ್ತಿಲ್ಲ ಅನ್ನೋದಕ್ಕೆ ಇಟ್ಟ ಅಂದಾಜು. ಮೊದಮೊದಲು ಒಂದೇ ಸೋಲಿಗೆ ನೂರಾರು ಅಂಕ ಇಳಿಯಬಹುದು. ಗೊತ್ತಿಲ್ಲದವರಿಗೆ ಅದು ಎಷ್ಟು ಚುಚ್ಚುತ್ತೆ ಅಂತ ಆ ಕೆಂಪು ಅಕ್ಷರ ತೋರಿಸುವಾಗ ಮಾವನ ಮುಖ ನೋಡಿ ನನಗೆ ಗೊತ್ತಾಯ್ತು. ಮೂವತ್ತೈದು ವರ್ಷ ಮಕ್ಕಳಿಗೆ ಅಂಕ ಹಾಕಿದವರು ಅವರು. ಕೆಂಪು ಅಕ್ಷರ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

* * *

ಆ ಸಂಜೆ ಆರಕ್ಕೆ ಆಟ ಶುರುವಾಯ್ತು. ನಾನು ಪಕ್ಕದಲ್ಲಿ ಕೂತಿದ್ದೆ, ಆದರೆ ಕೈ ಹಾಕಲಿಲ್ಲ. ಹಾಳೆ ನೋಡಿ ಮಾವನೇ ಒಂದೊಂದಾಗಿ ಒತ್ತಿದರು. ಕೊಂಡಿ ಹೋಯ್ತು. ಮಾನ್ವಿಯಿಂದ ತೆರೆದರು. ಇನ್ನೊಂದು ಫೋನಿನಲ್ಲಿ ಇಬ್ಬರೂ ಮಾತಾಡುತ್ತಲೇ ಇದ್ದರು, ಅದು ನನ್ನ ಹಾಳೆಯಲ್ಲಿ ಇರಲಿಲ್ಲ. ನಾನು ಬರೆದ ಆರು ಪ್ರಶ್ನೆಗಿಂತ ಒಳ್ಳೆಯ ಉಪಾಯ ಅದೇ ಇರಬೇಕು.

"ರಾಜನ ಜಿಗತ ಇಲ್ಲಂತಲ್ಲೋ ಇದರಾಗ?"

"ಇಲ್ಲ. ಮಷಿನ್ ಒಪ್ಪಂಗಿಲ್ಲ."

"ಹೋಗಲಿ ಬಿಡು. ಇಬ್ಬರಿಗೂ ಇಲ್ಲ ಅಂದ್ರ ಆತು."

ಎಷ್ಟು ಸುಲಭವಾಗಿ ಬಿಟ್ಟುಕೊಟ್ಟರು ನೋಡಿ! ನಲವತ್ತು ವರ್ಷ ಆಡಿದ ನಿಯಮ. ಮೊದಲೇ ಹೇಳಿದ್ದರೆ ಯಾರೂ ಬೇಸರ ಪಡಲ್ಲ. ಆಟದ ನಡುವೆ ರಾಜ ಜಿಗಿಯಲಿಲ್ಲ ಅಂತ ಗೊತ್ತಾಗಿದ್ದರೆ ಕಥೆ ಬೇರೆ ಇರುತ್ತಿತ್ತು.

ಮಾವ ಸೋತರು. ಈ ಸಲ ನಿಜವಾಗಿ ಅವರಿಗೇ ಸೋತರು. "ಚಹಾ ಬಾಕಿ" ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದರು.

ಈಗ ಐದು ತಿಂಗಳಾಯ್ತು. ಇಬ್ಬರೂ ಖಾತೆ ತೆರೆದಿದ್ದಾರೆ. ಸಂಜೆಯ ಆಟ ವಾರಕ್ಕೆರಡು. ಅದರ ಜೊತೆ ಇನ್ನೊಂದು ನಿಧಾನದ ಆಟವೂ ನಡೆಯುತ್ತಿದೆ, ಕರೆಸ್ಪಾಂಡೆನ್ಸ್ ಅಂತಾರಲ್ಲ, ಅದು. ಒಂದು ನಡೆಗೆ ಒಂದು ದಿನದಿಂದ ಹದಿನಾಲ್ಕು ದಿನದವರೆಗೆ ಸಮಯ ಇಟ್ಟುಕೊಳ್ಳಬಹುದು. ಹಾಳೆಯಲ್ಲಿ ಅದಕ್ಕೆ "ಕಾರ್ಡು ಬರೆದಂಗ" ಅಂತ ಬರೆದುಕೊಟ್ಟೆ, ಒಂದೇ ಸಲಕ್ಕೆ ಅರ್ಥ ಆಯ್ತು. ಇವರು ಮೂರು ದಿನ ಇಟ್ಟುಕೊಂಡಿದ್ದಾರೆ. ಆದರೆ ಇಬ್ಬರೂ ಬೆಳಿಗ್ಗೆ ಚಹಾ ಹೊತ್ತಿಗೆ ಒಂದೊಂದು ನಡೆ ನಡೆಸಿಯೇ ನಡೆಸುತ್ತಾರೆ.

ಕಳೆದ ವಾರ ಮತ್ತೆ ಮಾವನ ಫೋನು. "ಲೇ, ಅಂವ ನಿನ್ನೆಯಿಂದ ನಡಿಸಿಲ್ಲ. ಫೋನೂ ಬಂದ್ ಐತಿ. ಮಗನ ನಂಬರ್ ನನ್ನ ಹತ್ರ ಇಲ್ಲ. ನೀ ಹೋಗಿ ನೋಡತಿಯೇನು?"

ರಜೆ ಹಾಕಿ ಮಾನ್ವಿಗೆ ಹೊರಟೆ. ಕಲ್ಲೂರು ದಾಟುವವರೆಗೂ ಏನೇನೋ ಯೋಚನೆ. ಹೋದರೆ ಬಾಗಿಲಲ್ಲೇ ಸಿಕ್ಕರು. ಸಿಂಧನೂರಿನ ಮಗಳ ಮನೆಗೆ ಹೋಗಿದ್ದರಂತೆ, ಚಾರ್ಜರ್ ಮರೆತಿದ್ದರಂತೆ, ಆಗಷ್ಟೇ ಬಂದಿದ್ದರು. ನನ್ನನ್ನು ನೋಡಿ ಗಾಬರಿಯಾದರು. ವಿಷಯ ಹೇಳಿದೆ. ಏನೂ ಮಾತಾಡದೆ ಒಳಗೆ ಹೋಗಿ ಫೋನ್ ಚಾರ್ಜಿಗೆ ಹಾಕಿ, ಅದು ಹೊತ್ತಿಕೊಳ್ಳುವವರೆಗೂ ಅಲ್ಲೇ ನಿಂತಿದ್ದರು. ಮೊದಲು ಕುದುರೆ ನಡೆಸಿದರು. ಆಮೇಲೆ ಫೋನ್ ಮಾಡಿದರು.

ಮಗನ ನಂಬರನ್ನು ಈಗ ಹಾಳೆಯ ಕೆಳಗೆ ಏಳನೆಯದಾಗಿ ಬರೆದು ಇಬ್ಬರಿಗೂ ಕೊಟ್ಟಿದ್ದೇನೆ.

ನಿಮ್ಮ ಅಪ್ಪನಿಗೋ ಅತ್ತೆಗೋ ಯಾವುದಾದರೂ ಆಟ ಹಾಕಿಕೊಡುವಾಗ ಗುಂಡಿ ತೋರಿಸಿ ಎದ್ದು ಬರಬೇಡಿ. ಹತ್ತು ನಿಮಿಷ ಕೂತು, ಒತ್ತಿದರೆ ಏನಾಗುತ್ತೆ ಅಂತ ಅವರ ಮಾತಿನಲ್ಲೇ ಹೇಳಿ ಬನ್ನಿ. ಮತ್ತೆ, ನಿಮ್ಮೂರಲ್ಲಿ 'ಇನ್‌ಕ್ರಿಮೆಂಟ್'ಗೆ ಒಂದು ಒಳ್ಳೆಯ ಕನ್ನಡ ಪದ ಇದ್ದರೆ ದಯವಿಟ್ಟು ತಿಳಿಸಿ. ಮಾವ ಸದ್ಯಕ್ಕೆ ಅದನ್ನು 'ಚಿಲ್ಲರೆ ವಾಪಸ್' ಅಂತಿದ್ದಾರೆ. ನನಗೇನೋ ಅದೇ ಸರಿ ಅನಿಸುತ್ತಿದೆ.